ಮುತ್ಯಾನ ಹಲ್ಲು, ತಮ್ಮನ ಹೆಪ್ಪು

ಚಿಕ್ಕೋಡಿ, ಮಹಾಮುಕ್ಕಳಿಕೆಯ ನಂತರದ ೧೪೨ನೆಯ ವರ್ಷ, ವಾರದ ಎಂಟನೆಯ ದಿನ

ಪರಮಪೂಜ್ಯ, ದಂತಶ್ರೇಷ್ಠ, ಉಗುಳುಪೀಠಾಧೀಶ್ವರ ಭೂಪಾಲ ಮುತ್ಯಾನವರ ಪಾದಗಳಿಗೆ, ಅವರ ಮರಿಮಗಳ ಮರಿಮಗಳು ಪದ್ಮಲ ಮೂಗು ಮುಚ್ಚಿಕೊಂಡು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಎಂಟನೆಯ ದಿನ ಎಲ್ಲಿಂದ ಬಂತೆಂದು ಕೇಳಬೇಡಿ. ಏಳು ಸಾಲಲಿಲ್ಲ, ಒಂದು ಸೇರಿಸಿಕೊಂಡೆವು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮೆ ಇರಲಿ. ನಿಮ್ಮ ಕಾಲದಲ್ಲಿ ಹೆಪ್ಪು ಹಾಕುತ್ತಿದ್ದದ್ದು ಹಾಲಿಗೆ ಮಾತ್ರವಂತೆ. ನಾವು ಕೂಸಿನ ಬಾಯಿಗೂ ಹಾಕುತ್ತೇವೆ. ನಿಮ್ಮ ಮೊಮ್ಮಕ್ಕಳ ಕಾಲದ ಜಾಣರು ಬಾಯಿಯೊಳಗಿನ ಸೂಕ್ಷ್ಮಜೀವಿಗಳೆಲ್ಲ ಕೆಟ್ಟವೆಂದು ನಂಬಿ, ಲೋಕಕ್ಕೆ ಲೋಕವೇ ಒಂದು ಘೋರ ಔಷಧಿಯಿಂದ ಬಾಯಿ ಮುಕ್ಕಳಿಸುವಂತೆ ಮಾಡಿದರು. ಅದೇ ಮಹಾಮುಕ್ಕಳಿಕೆ. ಒಳ್ಳೆಯವೂ ಸತ್ತವು. ಅಂದಿನಿಂದ ಕೂಸುಗಳು ಖಾಲಿ ಬಾಯಿಯಲ್ಲೇ ಹುಟ್ಟುತ್ತವೆ. ಮನೆತನದ ಹಿರಿಯರ ಹಲ್ಲಿಗೆ ಅಂಟಿ ಗಟ್ಟಿಯಾದ ಪಾಚಿಯಿಂದ ಹಳೆಯ ಜೀವಿಗಳನ್ನು ಎಬ್ಬಿಸಿ ಕೂಸಿನ ನಾಲಿಗೆಗೆ ಸವರುವವಳೇ ಹೆಪ್ಪುಗಿತ್ತಿ. ಮೂರು ತಿಂಗಳೊಳಗೆ ಹೆಪ್ಪು ಬೀಳದಿದ್ದರೆ ಬಾಯೆಲ್ಲ ಹುಣ್ಣಾಗಿ ಕೂಸು ಹಾಲು ಕುಡಿಯುವುದನ್ನೇ ಬಿಡುತ್ತದೆ. ಮತ್ತು ಯಾರ ಹೆಪ್ಪೋ ಅವರದೇ ಕೂಸು, ಇದು ಕಾಯಿದೆ.

ನನ್ನ ತಮ್ಮನಿಗೆ ನಾಳೆ ಮೂರು ತಿಂಗಳು ತುಂಬುತ್ತದೆ. ಬದುಕಿರುವವರ ಬಾಯಿಯಿಂದ ತೆಗೆದ ಹೆಪ್ಪು ಹಿಡಿಯುವುದಿಲ್ಲ, ನನಗೆ ಹೆಪ್ಪು ಕೊಟ್ಟ ಹಲ್ಲು ಸವೆದು ಮುಗಿದಿದೆ. ನಮ್ಮ ಮನೆತನಕ್ಕೆ ಉಳಿದಿರುವುದು ನಿಮ್ಮ ಒಂದೇ ಒಂದು ದವಡೆಹಲ್ಲು.

ಇಂದು ಬೆಳಿಗ್ಗೆ ಹೆಪ್ಪುಗಿತ್ತಿ ಸುಗಂಧಾಬಾಯಿ (ಹೆಸರೇ ಹಾಗೆ, ಪಾಪ) ಅದರ ಡಬ್ಬಿ ತೆರೆದಳು. ಕಿಟಕಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಹೊರಗೆ ಹೋಯಿತು.

"ಯವ್ವಾ ಯವ್ವಾ, ಇದೇನ ಹಲ್ಲೋ, ಗಟಾರದ ಬೂಚೋ!"

"ನಮ್ಮ ಹಿರ್ಯಾರ್ದ ಐತ್ರಿ, ಹಂಗ ಅನಬ್ಯಾಡ್ರಿ," ಎಂದಳು ಅವ್ವ, ಸೆರಗಿನಿಂದ ಮೂಗು ಮುಚ್ಚಿಕೊಂಡೇ.

"ಹಿರ್ಯಾರ್ದ ಅಂತನ ಇನ್ನೂ ಕೈಯಾಗ ಹಿಡದೀನವ್ವ. ಬ್ಯಾರೇದವರದಾಗಿದ್ರ ಒಗದ ಓಡತಿದ್ನಿ."

ಆಮೇಲೆ ಆಕೆ ಪರದೆಯ ಮೇಲೆ ನಿಮ್ಮ ಬಾಯಿಯ ಇತಿಹಾಸ ತೋರಿಸಿದಳು. ಆರೋಗ್ಯವಂತ ಬಾಯಿಯಲ್ಲಿ ಗಾಳಿಯಾಡುವ ಕಡೆ ಬದುಕುವ ಸಾಧು ಜೀವಿಗಳ ದೊಡ್ಡ ಒಕ್ಕಲೇ ಇರುತ್ತದೆ. ವಸಡು ಕಾಯುವುದು ಅವುಗಳ ಕೆಲಸ. ತಾವು ಬೀಡಿ ಎಳೆದೆಳೆದು ಅವುಗಳ ಉಸಿರು ಕಟ್ಟಿಸಿದಿರಿ. ಬೀಡಿಗೆ ಬಿಡುವು ಕೊಟ್ಟಾಗ ಸುಣ್ಣ ಹಚ್ಚಿ ತಿಕ್ಕಿದ ತಂಬಾಕನ್ನು ದವಡೆಗಿಟ್ಟು, ಉಳಿದವನ್ನೂ ಓಡಿಸಿದಿರಿ. ಖಾಲಿ ಬಿದ್ದ ಜಾಗಕ್ಕೆ ಗಾಳಿ ಕಂಡರಾಗದ ಪುಂಡರು ನುಗ್ಗಿದರು. ವಸಡಿನ ಸಂದಿಯಲ್ಲಿ ಅಡಗಿ ಕೀವು ಎಬ್ಬಿಸಿ, ಅದರಲ್ಲೇ ಹೊರಳಾಡಿ ವಂಶ ಬೆಳೆಸಿದರು. ಹಲ್ಲಿನ ಮೇಲೆ ಕಂದು ಅಂಟು, ಅದರ ಕೆಳಗೆ ಕಪ್ಪು ಪದರ, ಅದರೊಳಗೆ... ಬೇಡ, ತಾವು ಊಟಕ್ಕೆ ಕೂತಿರಬಹುದು. ನಾನಂತೂ ಬೆಳಗಿನಿಂದ ಅನ್ನ ಮುಟ್ಟಿಲ್ಲ. ನನ್ನ ನೆತ್ತರಿನ ಹಿರಿಯರ ಬಾಯಿ ಇದು ಎಂದು ನೆನೆದಾಗಲೆಲ್ಲ ನಾಲಿಗೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದೇನೆ.

"ಇದನ್ನ ಕೂಸಿನ ಬಾಯಿಗೆ ಹಾಕಿದ್ರ ಪಾಪ ನನಗ ಹತ್ತತೈತಿ," ಎಂದು ಸುಗಂಧಾಬಾಯಿ ಡಬ್ಬಿ ಮುಚ್ಚಿಬಿಟ್ಟಳು.

ಸುದ್ದಿ ಬೀದಿ ದಾಟುವುದಕ್ಕೆ ಎಷ್ಟು ಹೊತ್ತು? ಎದುರು ಮನೆಯ ಅಪ್ಪಾಸಾಬ ಮಗದುಮ್ಮರು ಬಂದು ಬಾಗಿಲಲ್ಲಿ ನಿಂತರು. "ನಮ್ಮ ಹೆಪ್ಪು ಒಯ್ರಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ಹುಡುಗ ನಮ್ಮಾಂವ ಆಗ್ತಾನ, ನೋಡ್ರಿ." ಅವರಿಗೆ ಮಕ್ಕಳಿಲ್ಲ, ಮಾತಿನಲ್ಲಿ ಕೆಟ್ಟತನವೂ ಇರಲಿಲ್ಲ. ಅವ್ವ ಆಗಿನಿಂದ ತೊಟ್ಟಿಲ ಹಗ್ಗ ಬಿಟ್ಟಿಲ್ಲ. ಹೂಂ ಎಂದರೆ ಮಗ ಎದುರು ಮನೆಯವನು. ಊಹೂಂ ಎಂದರೆ ಮಗನೇ ಉಳಿಯಲಿಕ್ಕಿಲ್ಲ.

ಆದ್ದರಿಂದ ಮನೆಗೊಂದೇ ಸಲ ಸಿಗುವ ಹಿಂಟಪಾಲನ್ನು, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯನ್ನು, ನಿಮಗಾಗಿ ಖರ್ಚು ಮಾಡುತ್ತಿದ್ದೇನೆ. ಈ ಕಾಗದ ತಲುಪುವಾಗ ತಮಗೆ ನಲವತ್ತೊಂದು. ಈ ಹಲ್ಲು ಬಿದ್ದದ್ದು ಅರವತ್ತೆಂಟಕ್ಕೆ. ಬೀಡಿ, ತಂಬಾಕು ಬಿಟ್ಟವರ ಬಾಯಿಗೆ ಕೆಲವು ವರ್ಷಗಳಲ್ಲಿ ಹಳೆಯ ಒಕ್ಕಲು ಮೆಲ್ಲಗೆ ಮರಳುತ್ತದೆ ಎಂದು ಸುಗಂಧಾಬಾಯಿ ಆಣೆ ಮಾಡಿ ಹೇಳಿದ್ದಾಳೆ. ನಿಮಗೆ ಇಪ್ಪತ್ತೇಳು ವರ್ಷಗಳಿವೆ, ನಮಗೆ ಒಂದು ದಿನ.

ನಾನು ಮಾಡಿದ ಸಣ್ಣ ಲೆಕ್ಕವೊಂದನ್ನು ದಯವಿಟ್ಟು ಪರಾಂಬರಿಸಬೇಕು. ತಾವು ಬಿಟ್ಟರೆ ಹಲ್ಲು ನಾರುವುದಿಲ್ಲ. ಹಲ್ಲು ನಾರದಿದ್ದರೆ ನಾನು ಈ ಕಾಗದ ಬರೆಯುವುದೇ ಇಲ್ಲ. ಬರೆಯದ ಕಾಗದ ನಿಮ್ಮ ಕೈಯಲ್ಲಿ ಇರಲಾರದು. ಅಂದರೆ ತಾವು ನಿಜವಾಗಿ ಮನಸ್ಸು ಗಟ್ಟಿ ಮಾಡಿದ ಗಳಿಗೆಗೆ ಇದು ಮಾಯವಾಗಬೇಕು.

ಒಮ್ಮೆ ಕೈ ನೋಡಿಕೊಳ್ಳಿ.

ಇನ್ನೂ ಇದೆಯೇ? ಹಾಗಾದರೆ ದವಡೆಯಲ್ಲಿರುವುದನ್ನು ಮೊದಲು ಉಗಿಯಿರಿ, ಮುತ್ಯಾ.