ಸಮಕ್ಕ ತೂಗೋ ತಲಿ

ರವಿವಾರ, ೧೨ ಅಕ್ಟೋಬರ್ ೨೦೨೫

ಕೆಲಗೇರಿ ಬಯಲಾಗ ಇವತ್ತೂ ನನ್ನ ಗಾಲ್ಫ್ ಚೆಂಡು ನೂರೈವತ್ತು ಗಜ ದಾಟಲಿಲ್ಲ. ಜೋಡಿ ಆಡೋ ಗುರುಬಸವ ಪಂದ್ಯಕ್ಕ ಬ್ಯಾರೆಯವರನ್ನ ಹುಡುಕಲಿಕ್ಕತ್ತಾನಂತ.

ಹೊಡ್ತಕ್ಕ ಲಯ ಬೇಕು ಅಂತ ಕೋಚ್ ಹೇಳಿದ್ದಕ್ಕ ಮನಸಿನ್ಯಾಗ ಹದಿನಾರು ಮಾತ್ರೆಯ ತೀನತಾಲ ಹಿಡದೆ. ಲಯ ಬಂತು, ಖರೇ. ಆದ್ರ ಕೋಲು ಚೆಂಡಿಗೆ ಬಡಿಯೋ ಹೊತ್ತಿಗೇ ತಾಳದ ಸಮ, ಅಂದ್ರ ಮೊದಲನೇ ಪೆಟ್ಟು, ಬರತದ, ತಲಿ ತಾನಾಗೇ ತೂಗತದ.

"ದತ್ತು ಸರ್, ತಲಿ ಅಲ್ಲಾಡಸಬ್ಯಾಡ್ರಿ!" ಕೋಚ್ ಕೈ ಮುಗದ.

ಏನ್ ಮಾಡ್ಲಿ? ಅಜ್ಜನ ತೊಡಿ ಮ್ಯಾಲ ಕೂತು ಸಂಗೀತ ಕಚೇರಿ ಕೇಳಿದ ತಲಿ ಇದು. ತಾಳ ಬಿಟ್ರ ಕೈ ಅವಸರ ಮಾಡತಾವ. ಹಿಡದ್ರ ತಲಿ ನನ್ನ ಮಾತು ಕೇಳಂಗಿಲ್ಲ.

ಈಗ ಮನಿ ಒಳಗ ಮಗಳು ಪ್ರಾಚಿ ಹಾಡಕೋತ ತಾನ ತಗೊಳ್ಳಿಕ್ಕತ್ತಾಳ. ನಾನು ಕುತ್ತಿಗಿ ಬಿಗಿಹಿಡದು ಬರೀಲಿಕ್ಕತ್ತೇನಿ. ಈಗ ಸಮಕ್ಕ ಬರ್ತಾಳ, ಅಲ್ಲಾಡಬಾರದು, ಅಲ್ಲಾಡ...

ಹೋತು. ಅಕ್ಷರನೂ ಸೊಟ್ಟ ಆತು.