ನಕಾಶೆ ಇಲ್ಲದ ನೀರು

ಗುಂಡ್ಲುಪೇಟೆ
14 ಜುಲೈ 2025

ನಯನಾಳ ಅಪ್ಪನಿಗೆ ಶಿವರಂಜನಿಯ ನಮಸ್ಕಾರಗಳು.

ಬರೆಯುವುದು ತಡವಾಯಿತು, ಬೈದುಕೊಳ್ಳಬೇಡಿ. ಎರಡು ಸಲ ಬರೆದು ಹರಿದು ಒಲೆಗೆ ಹಾಕಿದೆ. ಫೋನಿದ್ದೂ ಇವಳಿಗೆ ಕಾಗದದ ಹುಚ್ಚೇಕೆ ಎಂದು ನಗುತ್ತಿದ್ದೀರಿ, ಗೊತ್ತು. ಹಡಗಿನಿಂದ ನಿಮ್ಮ ಫೋನು ಬರುವುದೇ ಅಪರೂಪ. ಬಂದಾಗ ಮಾವನವರು ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ. ಅವರ ಮುಂದೆ ನಾನೇನು ಹೇಳಲಿ?

ಇಲ್ಲಿ ಚೆಂಡು ಹೂ ಅರಳಿದೆ. ಕೇರಳದ ಕಾರುಗಳು ನಮ್ಮ ಹೊಲದ ಬದುವಿಗೇ ಬಂದು ನಿಲ್ಲುತ್ತವೆ. "ಫೋಟೊ ತಗೊಳ್ರಪ್ಪ, ಗಿಡ ತುಳೀಬ್ಯಾಡಿ" ಎಂದು ಮಾವನವರು ಕೂಗುತ್ತಾ ಓಡಾಡುತ್ತಾರೆ. ಮೊನ್ನೆ ಒಬ್ಬ ಮಲಯಾಳಿಯನ್ನು ಹಿಡಿದು ನಿಲ್ಲಿಸಿ ನಿಮ್ಮ ಕಥೆಯನ್ನೆಲ್ಲ ಹೇಳಿದರು. ಹಗ್ಗಕ್ಕೆ ಕಲ್ಲು ಕಟ್ಟಿ ಊರ ಕೆರೆಯ ಆಳ ಅಳೆಯಲು ಹೋಗಿ ಮುಳುಗಿದವನು, ಈಗ ನೌಕಾಪಡೆಯ ಸರ್ವೆ ಹಡಗಿನಲ್ಲಿ ಎಲ್ಲೆಲ್ಲಿಯದೋ ದ್ವೀಪಗಳ ಕರಾವಳಿ ಅಳೆದು ನಕಾಶೆ ಬರೆಯುತ್ತಾನೆ ಅಂತ. "ಅವತ್ತು ನಮ್ ಸೋಮೂನ ಜುಟ್ಟು ಇಡ್ದು ಎಳ್ದಾಕಿದ್ದು ನಾನೇ ಕಣಪ್ಪ" ಎಂದು ಎದೆ ತಟ್ಟಿಕೊಂಡರು. ಪಕ್ಕದಲ್ಲಿ ನಾನೂ ನಕ್ಕೆ. ಆದರೆ ಅಲ್ಲಿ ನಿಮ್ಮ ಜುಟ್ಟು ಹಿಡಿಯಲು ಯಾರಿದ್ದಾರೆ?

ನಯನಾ ಕೂಡ ಸುಮ್ಮನಿರುವುದಿಲ್ಲ. ಗೋಡೆಯ ಮೇಲೆ ನೀವು ಅಂಟಿಸಿದ ನಕಾಶೆ ನೋಡುತ್ತಾ ಕೇಳಿದಳು: "ಅಮ್ಮ, ಬಂಡೆ ಎಲ್ಲಿದೆ ಅಂತ ಬೇರೆ ಹಡಗಿಗೆಲ್ಲ ಅಪ್ಪ ಬರೆದು ಕೊಡ್ತಾರೆ. ಅಪ್ಪನ ಹಡಗಿಗೆ ಯಾರು ಹೇಳ್ತಾರೆ?" ಹೋಮ್‌ವರ್ಕ್ ಮಾಡು ಹೋಗು ಎಂದು ಗದರಿ ಅಡಿಗೆಮನೆಗೆ ಬಂದೆ.

ಹೋದ ವರ್ಷ ಅಳತೆಯ ದೋಣಿಯಿಂದ ಬಿದ್ದುಹೋದ ನಿಮ್ಮ ನಾವಿಕನ ವಿಷಯ ನೀವು ಹೇಳಿದ್ದು ಒಂದೇ ಸಲ. "ಅವರ ಮನೆಯವರಿಗೆ ಮಣ್ಣು ಮಾಡೋಕೆ ಅಂತ ಏನೂ ಸಿಗಲಿಲ್ಲ ರಂಜೂ" ಎಂದಿರಿ. ಅಂದಿನಿಂದ ಮೋಟಾರ್ ಹಾಕಿ ತೊಟ್ಟಿಗೆ ನೀರು ಬಿದ್ದರೂ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಮಾವನವರಿಗೆ ಸಾವೆಂದರೆ ಆ ಅಂಜಿಕೆಯಿಲ್ಲ. ಹಿರಿಯರನ್ನೆಲ್ಲ ಮಣ್ಣು ಮಾಡಿದ ಹೊಲದ ಮೂಲೆ ತೋರಿಸಿ, "ಇದು ನನ್ ಜಾಗ ಕಣವ್ವ. ಕೂರ್ಸಿ, ಅಂಗೈಲಿ ಲಿಂಗ ಇಟ್ಬುಡಿ, ಸಾಕು" ಎನ್ನುತ್ತಾರೆ. ಅವರ ಅಂಜಿಕೆಯೆಲ್ಲ ನಿಮ್ಮ ಬಗ್ಗೆಯೇ. ಅದಕ್ಕೇ ಫೋನಿನಲ್ಲಿ ಮೊದಲು, "ಲಿಂಗಪೂಜೆ ಆಯ್ತೇನ್ಲಾ?" ಎಂದು ಕೇಳುತ್ತಿದ್ದರು. "ಆಯ್ತು ಕಣಪ್ಪ" ಎಂದು ನೀವು ಅಂದ ಮೇಲೇ ಊಟಕ್ಕೆ ಏಳುತ್ತಿದ್ದರು.

ಹೊತ್ತಿಗೆ ಸರಿಯಾಗಿ ಉಣ್ಣಿ. ಗಾಳಿ ಜೋರಿದ್ದಾಗ ದೋಣಿ ಇಳಿಸಬೇಡಿ. ಶಿವ ನಿಮ್ಮನ್ನು ಕಾಯಲಿ.

ನಿಮ್ಮ
ರಂಜನಿ

ವಿ.ಸೂ.: ಮೇಲಿನದೆಲ್ಲ ಇದನ್ನು ಬರೆಯುವ ಧೈರ್ಯಕ್ಕೆ. ಹೋದ ತಿಂಗಳು ಸಂತೆಮರಹಳ್ಳಿಯ ಮದುವೆಗೆಂದು ಸೀರೆ ತೆಗೆಯಲು ಟ್ರಂಕು ಬಿಚ್ಚಿದೆ. ಸೀರೆಗಳ ಅಡಿಯಲ್ಲಿ, ನಿಮ್ಮ ಬಿಳಿ ಕರ್ಚೀಫಿನಲ್ಲಿ ಸುತ್ತಿದ್ದ ಬೆಳ್ಳಿ ಕರಡಿಗೆ. ಒಳಗೆ ನಿಮ್ಮ ಲಿಂಗ. ಹಿಂದೊಮ್ಮೆ ಶಿವದಾರ ಬದಲಿಸುವಾಗ ಅದನ್ನು ಮರೆತು ಹೋಗಿ, ಬೇಗೂರಿನಲ್ಲಿ ಬಸ್ಸಿಳಿದು ವಾಪಸ್ ಓಡಿ ಬಂದವರು ನೀವು. ಇದು ಮರೆವಲ್ಲ. ನೀವು ಬಾರದೇ ಹೋದರೆ ನಮಗೆ ಮಣ್ಣು ಮಾಡಲು ಏನಾದರೂ ಇರಲಿ ಎಂದು ಇಟ್ಟು ಹೋಗಿದ್ದೀರಿ. ನನಗೊಂದು ಮಾತೂ ಹೇಳದೆ! ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚು ಭಯವಾಗಿದೆ.

ಅಂದಿನಿಂದ ಮಾವನವರು ಹೊಲಕ್ಕೆ ಹೋದ ಮೇಲೆ ನನ್ನ ಲಿಂಗದ ಜೊತೆ ನಿಮ್ಮದಕ್ಕೂ ಪೂಜೆ ಮಾಡುತ್ತಿದ್ದೆ. ನಿನ್ನೆ ಮಳೆ ಬಂತೆಂದು ಕೊಡೆಗೆ ಹಿಂತಿರುಗಿದವರು ಬಾಗಿಲು ತಳ್ಳಿದರು. ನನ್ನ ಅಂಗೈಯಲ್ಲಿ ಎರಡಿದ್ದವು. ಬಾಗಿಲು ಎಳೆದುಕೊಂಡು, ಕೊಡೆಯಿಲ್ಲದೆಯೇ ಹೋದರು.

ಸಂಜೆ ನಿಮ್ಮ ಫೋನು ಬಂದಾಗ ಊಟ ಕೇಳಿದರು, ಗಾಳಿ ಮಳೆ ಕೇಳಿದರು. ಪೂಜೆಯ ಮಾತೆತ್ತಲಿಲ್ಲ. ನೀವು ಗಮನಿಸಿದಿರೋ ಇಲ್ಲವೋ.

ಇವತ್ತು ಬೆಳಿಗ್ಗೆಯಿಂದ ಹೊಲದ ಮೂಲೆಯಲ್ಲಿ, ತಮ್ಮ ಜಾಗದ ಪಕ್ಕದಲ್ಲೇ ಕೂತು ಕಳೆ ಕೀಳುತ್ತಿದ್ದಾರೆ. ಇನ್ನೊಬ್ಬರು ಕೂರುವಷ್ಟು ಅಗಲ. ಬಂದುಬಿಡಿ.