ಗುರುಗಳು ಹೇಳದ ಕಾಗದ

ಮಾರ್ಚ್ ೪, ೧೧೪೯. ಬೆಳಗಿನ ಪ್ರಾರ್ಥನೆ ಆದ ಮೇಲೆ

ಇವತ್ತು ಮೂರು ಕಾಗದ. ಮಠಾಧಿಪತಿ ಗೆರ್ವೇಸ್ ಗುರುಗಳು ಹೇಳಿದರು, ನಾನು ಬರೆದೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಚಳಿಗೆ ಶಾಯಿ ಗಟ್ಟಿಯಾಗಿತ್ತು, ಬಿಸಿಬೂದಿಯಲ್ಲಿಟ್ಟೆ. ದೊರೆಗೆ ಉತ್ತರ ನಾಳೆ ಅಂದರು. ಗಿರಣಿಯ ಹೆಲ್ವಿಸ್‌ಳನ್ನು ಒಪ್ಪಿಸಿ ಅಂತ ಅವನ ಹಟ. ಮನೆಗೆ ನುಗ್ಗಿ ಮೈಮೇಲೆ ಬಿದ್ದ ಅವನ ಅಧಿಕಾರಿಯನ್ನು ಸಲಿಕೆಯಿಂದ ಹೊಡೆದಳು, ಸತ್ತ. ಈಗ ನಮ್ಮ ಬಲಿಪೀಠ ಹಿಡಿದು ಕೂತಿದ್ದಾಳೆ. ದೇವರ ಆಸರೆ ಹೊಕ್ಕವರನ್ನು ಎಳೆಯುವಂತಿಲ್ಲ... ದೊರೆಗೆ ಅದು ನೆನಪಿದ್ದರೆ.

ಮಾರ್ಚ್ ೫, ಮಧ್ಯಾಹ್ನ

ಗುರುಗಳಿಗೆ ಲಕ್ವ. ಬಾಯಿ ಸೊಟ್ಟ. ಮಾತಿಲ್ಲ. ದೊರೆಯ ಸವಾರ ಉತ್ತರಕ್ಕೆ ಅಂಗಳದಲ್ಲೇ ಕಾಯುತ್ತಿದ್ದ. ಗುರುಗಳ ನಂತರದ ಹಿರಿಯ ಒಡೋ ನನ್ನನ್ನು ಪಕ್ಕಕ್ಕೆ ಕರೆದರು.

"ಒಪ್ಪಿಸ್ತೀವಿ ಅಂತ ಬರಿ ತಮ್ಮ. ಒಬ್ಬಳಿಗೋಸ್ಕರ ನಲವತ್ತು ಜನ ಸಾಯೋಕಾಗುತ್ತಾ?"

ಒಳಗೆ ಹೋದೆ. ಒಪ್ಪಿಸುವುದಿಲ್ಲ ಅಂತ ಬರೆದೆ. ಗುರುಗಳ ಹೆಸರು, ಗುರುಗಳ ಮುದ್ರೆ. ಸವಾರ ಅದನ್ನು ತೆಗೆದುಕೊಂಡು ಹೋದ.

ಮಾರ್ಚ್ ೮

ಕುದುರೆ ಸದ್ದಾದರೆ ಸಾಕು, ಕಿಟಕಿಗೆ ಓಡುತ್ತೇನೆ. ಕಳ್ಳಮುದ್ರೆಗೆ ಕೈ ಕಡಿಯುತ್ತಾರೆ. ಊಟಕ್ಕೆ ಕೂತಾಗ ಒಡೋ, "ಅವಳನ್ನ ಕರ್ಕೊಂಡು ಹೋಗೋಕೆ ಇನ್ನೂ ಯಾಕೆ ಬರ್ಲಿಲ್ಲ?" ಅಂದರು. ನಾನು ಬಟಾಣಿ ಗಂಜಿಯ ಬಟ್ಟಲು ಎತ್ತಿಕೊಂಡು ಎದ್ದೆ.

ಮಾರ್ಚ್ ೧೭

ದೊರೆಯೇ ಬಂದ. ಹಿಂದೆ ಹದಿನೆಂಟು ಕತ್ತಿ. ನೇರ ಗುರುಗಳ ಹಾಸಿಗೆಗೆ ಹೋಗಿ ನನ್ನ ಕೈಲೇ ಆ ಕಾಗದ ಓದಿಸಿದ.

"ಇದು ನಿಮ್ಮ ಮಾತೋ, ಈ ಬರೆಯೋನ ಮಾತೋ?"

ಒಡೋ ಬಿಳಿಚಿಕೊಂಡರು. ಗುರುಗಳು ನನ್ನನ್ನೇ ನೋಡಿದರು. ಆಮೇಲೆ ಎಡಗೈ ಎಳೆದು ತಂದು, ನನ್ನದೇ ಮಾತು ಅನ್ನುವಂತೆ ಕಾಗದದ ಮೇಲೆ ಶಿಲುಬೆಯ ಗುರುತು ಮಾಡಿದರು. ದೊರೆ ಕಾಗದ ಕಿತ್ತುಕೊಂಡು ಹೋದ.

ಹೆಲ್ವಿಸ್‌ಗೆ ಹೇಳಿದೆ. "ಮತ್ತೆ ಬರ್ತಾನೆ ಸ್ವಾಮಿ. ಅವನು ಬಿಡೋ ಜಾತಿ ಅಲ್ಲ" ಅಂದಳು.

ಮಾರ್ಚ್ ೨೧, ಬೆಳಿಗ್ಗೆ

ಗುರುಗಳು ತೀರಿಕೊಂಡರು. ಆಗಲೇ ಮಠದ ಬಾಗಿಲಲ್ಲಿ ದೊರೆಯ ಸವಾರ. ಗೆರ್ವೇಸ್ ಬದುಕಿರುವ ತನಕ ಮಾತ್ರ ಕಾಯುತ್ತೇನೆ, ಆಮೇಲೆ ಅವಳನ್ನು ಎಳೆದೊಯ್ಯುತ್ತೇನೆ ಅಂತ ದೊರೆಯ ಕಾಗದ. ಸಾವಿನ ಗಂಟೆ ಹೊಡೆಯಲು ಹೋದೆ. ಒಡೋ ಹಗ್ಗ ಹಿಡಿದುಕೊಂಡರು.

"ಈಗ ಬೇಡ. ಅವಳನ್ನ ಹುಲ್ಲಿನ ಗಾಡೀಲಿ ಸನ್ಯಾಸಿನಿಯರ ಮಠಕ್ಕೆ ಕಳಿಸಿದೀನಿ. ಸೇತುವೆ ಆಚೆ ದೊರೆ ಅಧಿಕಾರ ನಡೆಯಲ್ಲ, ಅದನ್ನ ದಾಟೋ ತನಕ ಗುರುಗಳು ಬದುಕಿರ್ಲಿ."

"ನೀವೇ ಅವತ್ತು..."

"ಅವತ್ತು ಹೆದರಿದ್ದೆ. ಇವತ್ತೂ ಹೆದರಿದೀನಿ. ಗುರುಗಳ ಪಕ್ಕ ಕೂತ್ಕೊ, ಏನೂ ಆಗಿಲ್ಲ ಅನ್ನೋ ಹಾಗೆ ಏನಾದ್ರೂ ಬರೀತಾ ಇರು."

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಗುರುಗಳು, ಕತ್ತಿನವರೆಗೆ ಕಂಬಳಿ. ಕಿಟಕಿಯಲ್ಲಿ ಗಾಡಿ ಕಾಣುತ್ತಿದೆ. ಸೇತುವೆಗೆ ಇನ್ನೊಂದು ತಿರುವು. ಮೆಟ್ಟಿಲ ಮೇಲೆ ಸವಾರನ ಬೂಟಿನ ಸದ್ದು. ಒಡೋ ಬಾಗಿಲಿಗೆ ಅಡ್ಡ ನಿಂತಿದ್ದಾರೆ.

"ಗುರುಗಳು ಮಲಗಿದಾರೆ."

"ಎಬ್ಬಿಸಿ."

ಗಾಡಿ ಸೇತುವೆ ಮೇಲಿದೆ. ಇನ್ನು ಸ್ವಲ್ಪ —